ಅಕೌಂಟಿಗೆ ಬಿದ್ದ ದುಡ್ಡು, ಸಾಲಿನಲ್ಲಿ ಕೂತು ಉಂಡ ಊಟ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. "ಈ ಬಿಸಿಯೂಟ, ಕ್ಯಾಂಟೀನು, ದಾಸೋಹ ಎಲ್ಲ ಯಾಕಪ್ಪ? ಅಷ್ಟೂ ದುಡ್ಡನ್ನ ಜನರ ಅಕೌಂಟಿಗೆ ಹಾಕಿದರೆ ಮುಗೀತು. ತಮಗೆ ಬೇಕಾದ್ದು ತಾವು ತಿಂತಾರೆ." ಆಗ ಶಾಲೆಯ ಗಂಟೆ ಹೊಡೆಯಿತು, ಫೋನ್ ಇಟ್ಟೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಮೂರು ದಿನದಿಂದ ಮನಸ್ಸಿನಲ್ಲೇ ನಿನಗೆ ಉತ್ತರ ಕೊಡುತ್ತಾ ಓಡಾಡುತ್ತಿದ್ದೇನೆ. ನೀನು ಕೇಳಿದ್ದನ್ನೇ ತುಂಬ ಜನ ಕೇಳುತ್ತಾರೆ, ಅದಕ್ಕೆ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ಮುಂದೆ ನಿಮ್ಮವ್ವನ ಸುದ್ದಿ ಬರುತ್ತದೆ. ಅವಳಿಗೆ ಓದಿ ಹೇಳಿ, ಹೂಂ ಅನ್ನಿಸಿಕೊಂಡೇ ಹಾಕಿದ್ದೇನೆ.

ಮೊದಲು ಒಂದು ಹಳೇ ನೆನಪು. ಮೂರು ಕೆಜಿ ಅಕ್ಕಿ ನೆನಪಿದೆಯಾ ನಿನಗೆ?

1995ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ ಅದು. ಹಾಜರಿ ಸರಿಯಾಗಿದ್ದ ಮಕ್ಕಳಿಗೆ ತಿಂಗಳಿಗೆ ಮೂರು ಕೆಜಿ ಧಾನ್ಯ. ನಾವಾಗ ನಾಲ್ಕನೇ ಇಯತ್ತೆ. ಪುಸ್ತಕ ತೆಗೆದಿಟ್ಟು ಪಾಟಿಚೀಲದಲ್ಲೇ ಅಕ್ಕಿ ತುಂಬಿಸಿಕೊಂಡು ಮನೆಗೆ ಓಡುತ್ತಿದ್ದೆವು. ನಿಮ್ಮ ಮನೆಯಲ್ಲಿ ಆರು ಜನ. ಆ ಅಕ್ಕಿ ಎಷ್ಟು ದಿನ ಬರುತ್ತಿತ್ತು ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನನಗೆ ಅಕ್ಕಿಗಿಂತ ಜಾಸ್ತಿ ನೆನಪಿರುವುದು ಮಧ್ಯಾಹ್ನದ ಗಂಟೆ. ಗಂಟೆ ಹೊಡೆದರೆ ಅರ್ಧ ಶಾಲೆ ಮನೆಗೆ ಓಡುತ್ತಿತ್ತು. ಅದರಲ್ಲಿ ಎಷ್ಟೋ ಹುಡುಗರು ತಿರುಗಿ ಬರುತ್ತಿರಲಿಲ್ಲ. ನೀನು ಮಾತ್ರ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕೇಳಿದರೆ "ಉಂಡು ಬಂದೆ" ಅನ್ನುತ್ತಿದ್ದೆ. ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ಇರುತ್ತಿದ್ದವು. ಒಂದು ಕೊಡಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಕೊಡಲಿಲ್ಲ. ಕೊಟ್ಟರೆ ನೀನು ಉಂಡಿಲ್ಲ ಅಂತ ನನಗೆ ಗೊತ್ತು ಅನ್ನುವುದು ನಿನಗೆ ಗೊತ್ತಾಗುತ್ತಿತ್ತು. ಹತ್ತು ವರ್ಷದ ನನಗೆ ಅದನ್ನು ದಾಟುವುದು ಹೇಗೆ ಅಂತ ತಿಳಿಯಲಿಲ್ಲ. ನಿನ್ನ ಕಣ್ಣು ತಪ್ಪಿಸಿ ಶಾಲೆಯ ಹಿಂದೆ ಹೋಗಿ ಉಣ್ಣುತ್ತಿದ್ದೆ. ಇದನ್ನು ಇವತ್ತಿನವರೆಗೆ ನಿನಗೆ ಹೇಳಿರಲಿಲ್ಲ.

ಸರ್ಕಾರ ಕೊಡಬೇಕಾದ್ದನ್ನು ಕೊಟ್ಟಿತ್ತು. ಅಕ್ಕಿ ಮನೆ ಸೇರಿತ್ತು. ಆದರೆ ಮಧ್ಯಾಹ್ನ ಒಂದು ಗಂಟೆಗೆ, ಬೇವಿನ ಕಟ್ಟೆಯ ಮೇಲೆ, ನಿನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಆಮೇಲೆ ಏನಾಯಿತು ಗೊತ್ತಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಅಂತ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷ ನವೆಂಬರ್ 28ಕ್ಕೆ ಕೋರ್ಟ್ ಒಂದು ಆದೇಶ ಕೊಟ್ಟಿತು. ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ದಿನಕ್ಕೆ ಕಡಿಮೆ ಅಂದರೂ 300 ಕ್ಯಾಲೊರಿ, ವರ್ಷಕ್ಕೆ ಕಡಿಮೆ ಅಂದರೂ 200 ದಿನ. 'ಬೇಯಿಸಿದ' ಅನ್ನುವ ಆ ಒಂದು ಪದವೇ ಎಲ್ಲವನ್ನೂ ಬದಲಿಸಿತು. ನಮ್ಮ ರಾಜ್ಯದಲ್ಲಿ 2002-03ರಲ್ಲಿ ಅಕ್ಷರ ದಾಸೋಹ ಅನ್ನುವ ಹೆಸರಿನಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಶುರುವಾಯಿತು. ಅದರಲ್ಲಿ ನಮ್ಮ ಕೊಪ್ಪಳವೂ ಇತ್ತು. ನಾವು ಅಷ್ಟೊತ್ತಿಗೆ ಹೈಸ್ಕೂಲು ದಾಟಿದ್ದೆವು. ನಮಗೆ ಸಿಗಲಿಲ್ಲ. ನಿನ್ನ ಚಿಕ್ಕ ತಂಗಿಗೆ ಸಿಕ್ಕಿತು.

ಈಗ ನಾನೇ ಮೇಷ್ಟ್ರು. ದಿನಾ ಲೆಕ್ಕ ಬರೆಯುತ್ತೇನೆ. ಐದನೇ ಇಯತ್ತೆವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗೆ 150. ಬೆಳಿಗ್ಗೆ 18 ಗ್ರಾಂ ಪುಡಿಯಲ್ಲಿ ಕಲಸಿದ 150 ಮಿಲಿ ಹಾಲು. ಅದು 2013ರ ಕ್ಷೀರ ಭಾಗ್ಯದಿಂದ ಬಂದದ್ದು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಶುರುವಾಯಿತು, ಅದೂ ಮೊದಲು ನಮ್ಮ ಕಡೆಯ ಜಿಲ್ಲೆಗಳಲ್ಲೇ. ಶಾಲೆಯಲ್ಲಿ ಮೊಟ್ಟೆ ಬೇಡ ಅಂತ ದೊಡ್ಡ ಗದ್ದಲವಾಯಿತು. ಬೇಡ ಅಂದವರ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರದ ಆರೂ ದಿನ ಕೊಡುವಂತಾಯಿತು.

ಇಷ್ಟೇ ಆಗಿದ್ದರೆ, ಮೊಟ್ಟೆಯ ದುಡ್ಡನ್ನೂ ಅಕೌಂಟಿಗೇ ಹಾಕಬಹುದಲ್ಲ ಅಂತ ನೀನು ಅನ್ನಬಹುದು. ಅದಕ್ಕೇ ಒಂದು ಮಧ್ಯಾಹ್ನ ನಮ್ಮ ಶಾಲೆಗೆ ಬಾ ಅನ್ನುತ್ತೇನೆ.

ಪಡಸಾಲೆಯಲ್ಲಿ ಎರಡು ಸಾಲು, ಎದುರಾಬದುರು. ಏಳನೇ ಇಯತ್ತೆಯ ಹುಡುಗಿಯರು ಬಕೆಟ್ ಹಿಡಿದು ಬಡಿಸುತ್ತಾರೆ. ಬಡಿಸುವಾಗ ಅವರ ಗತ್ತು ನೋಡಬೇಕು ನೀನು. "ಕಾಯಿಪಲ್ಯೆ ಆರಿಸಿ ಇಟ್ಟಿ ಅಂದ್ರ ಮತ್ತ ಹಾಕಂಗಿಲ್ಲ" ಅಂತ ಒಂದನೇ ಇಯತ್ತೆಯ ಮಕ್ಕಳನ್ನು ಹೆದರಿಸುತ್ತಾರೆ. ಹೋದ ವರ್ಷ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಬಂದ ಮನೆಯ ಹುಡುಗನೊಬ್ಬ ಸೇರಿದ. ತೆಲುಗು ಬಿಟ್ಟು ಬೇರೆ ಬಾರದು. ಕ್ಲಾಸಿನಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದ. ನಾನು ಚಿತ್ರ ತೋರಿಸಿದೆ, ಹಾಡು ಹೇಳಿಸಿದೆ, ಏನೂ ಆಗಲಿಲ್ಲ. ಅವನು ಕಲಿತ ಮೊದಲ ಕನ್ನಡ ಮಾತು "ಇನ್ನೊಂಚೂರು ಹಾಕ್ರಿ". ಊಟದ ಸಾಲಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗ ಹೇಳಿಕೊಟ್ಟಿದ್ದ. ವಾರ ಕಳೆಯುವುದರಲ್ಲಿ ಅವರಿಬ್ಬರೂ ಕ್ಲಾಸಿನಲ್ಲೂ ಒಟ್ಟಿಗೇ ಕೂರುತ್ತಿದ್ದರು.

ಎಲ್ಲ ಕಡೆ ಇಷ್ಟು ಚೆಂದ ಇದೆ ಅಂತ ನಾನು ಹೇಳುತ್ತಿಲ್ಲ. ದಲಿತ ಹೆಣ್ಣುಮಗಳು ಅಡುಗೆ ಮಾಡಿದ್ದಾಳೆ ಅಂತ ಮಕ್ಕಳಿಗೆ ಉಣ್ಣಬೇಡ ಅಂದ ಊರುಗಳು ನಮ್ಮ ರಾಜ್ಯದಲ್ಲೇ ಇವೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಮೊದಲು ಅವಕಾಶ ಕೊಡಿ ಅಂತ ಸುಪ್ರೀಂ ಕೋರ್ಟೇ 2004ರಲ್ಲಿ ಹೇಳಿದೆ. ಒಂದು ಊರಿನ ಮನಸ್ಸಿನಲ್ಲಿ ಏನಿದೆ ಅನ್ನುವುದು ಮಧ್ಯಾಹ್ನದ ಆ ಸಾಲಿನಲ್ಲಿ ಬಯಲಿಗೆ ಬರುತ್ತದೆ. ಅಕೌಂಟಿಗೆ ದುಡ್ಡು ಹಾಕಿದರೆ ಈ ಜಗಳವೂ ಬರುವುದಿಲ್ಲ, ನಿಜ. ಆದರೆ ಈ ಜಗಳ ಆಗಲೇಬೇಕಾದದ್ದು. ಇನ್ನೊಂದು ಮಾತು. ಹೊಗೆ, ಸೆಕೆಯಲ್ಲಿ ನಿಂತು ಇಷ್ಟು ಮಕ್ಕಳಿಗೆ ಬೇಯಿಸುವ ಆ ಹೆಣ್ಣುಮಕ್ಕಳಿಗೆ ತಿಂಗಳಿಗೆ ಸಿಗುವ ಗೌರವಧನ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ನಿನ್ನ ಮಾತನ್ನು ನಾವು ಒಮ್ಮೆ ಪರೀಕ್ಷೆ ಮಾಡಿಯೂ ನೋಡಿದ್ದೇವೆ, ಬೇಕೆಂದು ಅಲ್ಲ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಬಿಸಿಯೂಟದ ಬದಲು ಅಕ್ಕಿ, ಬೇಳೆಯನ್ನು ಮನೆಗೆ ಹಂಚಿದೆವು. ತಕ್ಕಡಿ ಹಿಡಿದು ಕೂತವನು ನಾನೇ. ಆಗ ಅದು ದೊಡ್ಡ ಆಸರೆಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಮತ್ತೆ ಮೂರು ಕೆಜಿ ಅಕ್ಕಿಯ ಕಾಲವೇ ಬಂದಂತಾಯಿತು. ಧಾನ್ಯ ಮನೆಯದಾಯಿತು, ಮಗುವಿನದಾಗಿ ಉಳಿಯಲಿಲ್ಲ. 2021ರ ಅಕ್ಟೋಬರಿನಲ್ಲಿ ಮತ್ತೆ ಒಲೆ ಹೊತ್ತಿಸಿದಾಗ ಮೊದಲ ದಿನ ಮಕ್ಕಳು ಗಲಾಟೆಯನ್ನೇ ಮಾಡಲಿಲ್ಲ. ಸುಮ್ನೆ ಉಂಡರು. ಅಡುಗೆಯ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಅಂದಳು.

ನಿಮ್ಮ ಬೆಂಗಳೂರಿನ ಮಾತೂ ಹೇಳಬೇಕು. ತರಬೇತಿಗೆ ಅಂತ ಬಂದಾಗ ಒಂದು ಬೆಳಿಗ್ಗೆ ಇಂದಿರಾ ಕ್ಯಾಂಟೀನಿಗೆ ಹೋದೆ. 2017ರ ಆಗಸ್ಟ್ 16ಕ್ಕೆ 101 ಕಡೆ ಶುರುವಾದವು ಅವು. ತಿಂಡಿ ಐದು ರೂಪಾಯಿ, ಊಟ ಹತ್ತು. ಟೋಕನ್ ಕೊಟ್ಟು ಇಡ್ಲಿ ತಗೊಂಡು ನಿಂತೆ. ಎದುರಿಗೆ ಗಾರೆ ಕೆಲಸದವನೊಬ್ಬ, ಕಾಲಿನ ಮೇಲೆಲ್ಲ ಸಿಮೆಂಟು. ಅವನು ಹೆಂಡತಿ ಜೊತೆ ಮಾತಾಡಿದ ಧಾಟಿ ಕೇಳಿ "ಯಾವೂರ್ರಿ?" ಅಂದೆ. ನಮ್ಮ ಜಿಲ್ಲೆಯ ಯಲಬುರ್ಗಾ ಕಡೆಯವನು! ಪಕ್ಕದಲ್ಲೇ ಟೈ ಕಟ್ಟಿದ ಹುಡುಗ, ಅವನ ಪಕ್ಕ ಒಬ್ಬ ಆಟೋ ಡ್ರೈವರ್. ಯಾರೂ ಯಾರನ್ನೂ ನೀನ್ಯಾಕೆ ಬಂದೆ ಅಂತ ಕೇಳಲಿಲ್ಲ. ಕಾರ್ಡ್ ತೋರಿಸು ಅನ್ನಲಿಲ್ಲ. ಐದು ರೂಪಾಯಿ ಕೊಟ್ಟೇ ತಿನ್ನುತ್ತಿದ್ದುದರಿಂದ ಎಲ್ಲರ ತಲೆಯೂ ನೆಟ್ಟಗಿತ್ತು. ಎಲ್ಲ ಕ್ಯಾಂಟೀನುಗಳೂ ಒಂದೇ ಥರ ನಡೆಯುತ್ತಿಲ್ಲ, ನೀನೇ ಹೇಳಿದ್ದೀಯ. ಸರಿಯಾಗಿ ನಡೆಸಬೇಕು ಅಂತ ಕೇಳೋಣ.

ಈಗ ನಮ್ಮ ಊರಿಗೆ ಬರುತ್ತೇನೆ. ನಿಮ್ಮವ್ವನ ಹತ್ತಿರಕ್ಕೆ.

ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ರೊಟ್ಟಿ ಬಡಿಯುವ ಕೆಲಸ ಶುರುವಾಗಿದೆ. ಬನದ ಹುಣ್ಣಿಮೆ ಆಗಿ ಎರಡು ದಿನಕ್ಕೆ ಗವಿಮಠದ ತೇರು. ತೇರಿಗೂ ಮೊದಲೇ ಊರೂರಿಂದ ಟ್ರ್ಯಾಕ್ಟರು, ಚಕ್ಕಡಿ ಹೊರಡುತ್ತವೆ. ರೊಟ್ಟಿ, ಜೋಳ, ಕಾಳು, ಕಾಯಿಪಲ್ಯೆ, ಕಟ್ಟಿಗೆ, ಯಾರ ಕೈಲಿ ಏನಾಗುತ್ತದೋ ಅದು. ರೊಟ್ಟಿಯಂತೂ ಲಕ್ಷಗಟ್ಟಲೆ. ಅಲ್ಲಿ ಮಹಾದಾಸೋಹ ಹುಣ್ಣಿಮೆಯಿಂದ ಅಮಾವಾಸ್ಯೆಯ ಕಡೆಗೆ ದಿನಗಟ್ಟಲೆ ನಡೆಯುತ್ತದೆ. ರೊಟ್ಟಿ, ಪಲ್ಯೆ, ಗೋಧಿ-ಬೆಲ್ಲದ ಸಿಹಿ ಮಾದಲಿ, ಅನ್ನ, ಸಾರು. ರೊಟ್ಟಿ ಕೊಟ್ಟ ಊರಿನವರೇ ಬಡಿಸುತ್ತಾರೆ, ಬಡಿಸಿ ಮುಗಿದ ಮೇಲೆ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಅಲ್ಲಿ ಮಾದಲಿಗೆ ಎರಡೆರಡು ಸಲ ಸಾಲು ಹಚ್ಚಿದ್ದು ನೆನಪಿಸಿಕೋ. ಬೇವಿನ ಕಟ್ಟೆಯ ಮೇಲೆ "ಉಂಡು ಬಂದೆ" ಅನ್ನುತ್ತಿದ್ದ ಹುಡುಗ ಅಲ್ಲಿ ಹೊಟ್ಟೆ ತುಂಬ ಉಂಡಿದ್ದ. ಯಾಕಂದರೆ ನಿಮ್ಮವ್ವ ಬಡಿದ ರೊಟ್ಟಿಯೂ ಆ ರಾಶಿಯಲ್ಲಿ ಇತ್ತು.

ಈ ಸಲ ನಿಮ್ಮವ್ವನನ್ನು ಕರೆಯಲು ಹೋದಾಗ ಒಲೆ ತಣ್ಣಗಿತ್ತು. ಮಧ್ಯಾಹ್ನ ಹನ್ನೆರಡು ಗಂಟೆ. ನಿನ್ನೆಯ ರೊಟ್ಟಿ, ಶೇಂಗಾ ಚಟ್ನಿ ತಟ್ಟೆಯಲ್ಲಿತ್ತು. "ಒಬ್ಬಾಕಿ ಸಲುವಾಗಿ ಏನ್ ಒಲಿ ಹಚ್ಚೂದೋ ತಮ್ಮಾ" ಅಂದಳು. ನೀನು ತಿಂಗಳು ತಪ್ಪದೆ ಹಾಕುವ ದುಡ್ಡು ಅವಳ ಅಕೌಂಟಿನಲ್ಲಿದೆ. ಪಾಸ್‌ಬುಕ್ ತೋರಿಸಿ ಹೆಮ್ಮೆಯಿಂದ ಹೇಳಿದಳು. 2023ರಲ್ಲಿ ಅಕ್ಕಿ ಬದಲು ಸರ್ಕಾರ ತಲೆಗೆ 170 ರೂಪಾಯಿ ಹಾಕಿದಾಗಲೂ ಅದನ್ನು ಗುಳಿಗೆಗೆ ಎತ್ತಿಟ್ಟಿದ್ದಳಂತೆ. ಈಗ ಅಕ್ಕಿ ಬರುತ್ತಿದೆ, ಡಬ್ಬಿ ತುಂಬ ಇದೆ. ನಿನ್ನದೇನೂ ತಪ್ಪಿಲ್ಲ, ನೀನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀಯ. ಆದರೂ ಒಲೆ ತಣ್ಣಗಿತ್ತು.

ಮರುದಿನ ಹನುಮಪ್ಪನ ಗುಡಿಯ ಅಂಗಳಕ್ಕೆ ಬಂದಳು. ಏಳು ಒಲೆ, ಹದಿನೈದು ಹೆಣ್ಣುಮಕ್ಕಳು. ಮಸೀದಿ ಓಣಿಯ ಚಾಚಿ ಹಿಟ್ಟಿಗೆ ಎಸರು ಹಾಕಿ ನಾದಿ ಕೊಡುತ್ತಿದ್ದಳು. ಹಿಟ್ಟಿಗೆ ಜಿಗಿ ಇಲ್ಲ, ಅಂಚು ಒಡೆಯುತ್ತದೆ ಅಂತ ಹೊಸ ಸೊಸೆಯಂದಿರು ಕೈಚೆಲ್ಲಿದ್ದರು. ನಿಮ್ಮವ್ವ ಒಂದು ಉಂಡೆ ತಗೊಂಡು ಅಂಗೈಯಲ್ಲಿ ಒತ್ತಿ ನೋಡಿದಳು. "ಎಸರು ಕುದ್ದಿಲ್ಲ, ಇನ್ನೊಮ್ಮೆ ಕುದಿಸ್ರಿ" ಅಂದಳು. ಆಮೇಲೆ ಕೂತು ಬಡಿಯತೊಡಗಿದಳು. ಪಟ ಪಟ ಪಟ ಅಂತ ಹಿಟ್ಟು ಹಲಗೆಯ ಮೇಲೆ ತಿರುಗುತ್ತಾ ಚಂದ್ರನಂತೆ ಬೆಳೆಯಿತು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಉಬ್ಬಿದ್ದನ್ನು ಒಲೆಯ ಮಗ್ಗುಲಿಗೆ ಆನಿಸಿದಳು. ಖಡಕ್ ಆಗಬೇಕಲ್ಲ, ದಿನಗಟ್ಟಲೆ ಇರಬೇಕು. ಸಂಜೆಯ ಹೊತ್ತಿಗೆ ಅವಳ ಸುತ್ತ ನಾಲ್ಕು ಸೊಸೆಯಂದಿರು ಕಲಿಯಲು ಕೂತಿದ್ದರು. ಮೊಣಕಾಲು ನೋವು ಅಂತ ನಿನಗೆ ದಿನಾ ಫೋನಿನಲ್ಲಿ ಹೇಳುತ್ತಾಳಲ್ಲ, ಅವತ್ತು ಅದರ ಮಾತೇ ಎತ್ತಲಿಲ್ಲ. ಅಲ್ಲೇ ಎಲ್ಲರ ಜೊತೆ ಬಿಸಿ ರೊಟ್ಟಿ, ಪುಂಡಿಪಲ್ಯೆ ಉಂಡಳು. ಎರಡೂವರೆ ರೊಟ್ಟಿ. ನಾನೇ ಎಣಿಸಿದೆ.

ಆವತ್ತಿನಿಂದ ಓಣಿಯ ಮೂರು ಮುದುಕಿಯರು ಒಂದೇ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ನಿಮ್ಮ ಮನೆಯ ಒಲೆ, ಒಂದು ದಿನ ಪಕ್ಕದ ಮನೆಯದು. ನೀನು ಹಾಕಿದ ದುಡ್ಡಿನಲ್ಲಿ ನಿಮ್ಮವ್ವ ಮೊನ್ನೆ ಬೆಲ್ಲ, ಹೆಸರುಕಾಳು ತರಿಸಿದಳು. ಹೀಗಾಗಿ ದುಡ್ಡು ಬೇಡ ಅಂತ ನಾನು ಹೇಳಲಾರೆ. ಅದನ್ನು ಕಳಿಸುತ್ತಿರು.

ನಮ್ಮ ಓಣಿಯ ಟ್ರ್ಯಾಕ್ಟರು ತೇರಿನ ಹಿಂದಿನ ದಿನ ಬೆಳಿಗ್ಗೆ ಹೊರಡುತ್ತದೆ. ಬಡಿಸುವ ಸರದಿ ನಮಗೆ ಮಧ್ಯಾಹ್ನ ಬಂದಿದೆ, ಮಾದಲಿ ಬುಟ್ಟಿ ಹಿಡಿಯಲು ಒಬ್ಬ ಕಡಿಮೆ ಇದ್ದಾನೆ. ಖಡಕ್ ರೊಟ್ಟಿ ಇಪ್ಪತ್ತು ನಿನಗಂತ ಬಿಳಿ ಅರಿವೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟಿದ್ದಾಳೆ ನಿಮ್ಮವ್ವ. ಬಸ್ಸಿನವರ ಕೈಲಿ ಕಳಿಸಲಾ ಅಂತ ಕೇಳಿದೆ. ಒಡೆದು ಹೋಗ್ತಾವ, ಅವನೇ ಬಂದು ಒಯ್ಯಲಿ ಅಂದಳು.

ಯಾವ ಬಸ್ಸಿಗೆ ಬರುತ್ತೀಯ ಅಂತ ತಿಳಿಸು. ಸ್ಟ್ಯಾಂಡಿನಲ್ಲಿ ಇರುತ್ತೇನೆ.

ನಿನ್ನ,
ಊರಲ್ಲೇ ಉಳಿದ ಗೆಳೆಯ