ತೂಗಾಟ ಹುಟ್ಟಿದಲ್ಲೇ ತಣಿಯಲಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಇಂಧನ ಸಚಿವರಿಗೆ, ನಮಸ್ಕಾರಗಳು.

ವಿದ್ಯುತ್ ಸ್ವೀಕರಣಾ ಕೇಂದ್ರಗಳಲ್ಲಿ ಮೂವತ್ತು ವರ್ಷ ಶಿಫ್ಟ್ ಮಾಡಿ ನಿವೃತ್ತನಾದವನು ನಾನು. ಒಂದು ರಾತ್ರಿ ಪಾಳಿಯಲ್ಲಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. 220 ಕೆವಿ ಲೈನಿನಲ್ಲಿ ಹರಿಯುವ ವಿದ್ಯುತ್ತನ್ನು ತೋರಿಸುವ ಮೆಗಾವ್ಯಾಟ್ ಮೀಟರಿನ ಮುಳ್ಳು ಒಂದೆಡೆ ನಿಲ್ಲದೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗುತ್ತಿತ್ತು. ಹೋಗಿ ಬರಲು ಎರಡು ಸೆಕೆಂಡು. ಯಾವ ಬ್ರೇಕರೂ ಟ್ರಿಪ್ ಆಗಿರಲಿಲ್ಲ, ಅಲಾರಂ ಕೂಗಿರಲಿಲ್ಲ. ನಾವು ಇದನ್ನು ‘ಹಂಟಿಂಗ್’ ಅನ್ನುತ್ತೇವೆ. ಸ್ವಲ್ಪ ಹೊತ್ತಿಗೆ ತಾನಾಗಿ ಅಡಗಿತು. ಲಾಗ್ ಬುಕ್ಕಿನಲ್ಲಿ ಒಂದು ಸಾಲು ಬರೆದೆ. ಅದೇನೆಂದು ಯಾರೂ ಕೇಳಲಿಲ್ಲ.

ದೂರದೂರದ ಜನರೇಟರ್‌ಗಳು ಉದ್ದನೆಯ ಲೈನುಗಳ ಮೂಲಕ ಒಂದನ್ನೊಂದು ಜಗ್ಗುವಾಗ ಇಂಥ ತೂಗಾಟ ಏಳುತ್ತದೆ. ಬಹುಪಾಲು ಅಡಗುತ್ತದೆ, ಕೆಲವೊಮ್ಮೆ ಬೆಳೆಯುತ್ತದೆ. 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದಲ್ಲಿ ಹಾಗೆ ಬೆಳೆದು ಗ್ರಿಡ್ ನಾಲ್ಕು ತುಂಡಾಯಿತು. ಸುಮಾರು 75 ಲಕ್ಷ ಗ್ರಾಹಕರು ಕತ್ತಲಲ್ಲಿ ಕುಳಿತರು. 2025ರ ಏಪ್ರಿಲ್ 28ರಂದು ಸ್ಪೇನ್‌ನಲ್ಲಿ ಮಧ್ಯಾಹ್ನ 12.03ಕ್ಕೆ ಒಂದು, 12.19ಕ್ಕೆ ಇನ್ನೊಂದು ತೂಗಾಟ, 12.33ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲು. ಅಲ್ಲಿ ಗ್ರಿಡ್ಡನ್ನು ಕೆಡವಿದ್ದು ತೂಗಾಟವೇ ಅಲ್ಲ, ವೋಲ್ಟೇಜಿನ ಏರಿಕೆ. ಆದರೆ ತೂಗಾಟ ತಣಿಸಲು ಕಂಟ್ರೋಲ್ ರೂಮಿನಿಂದ ಕೈಗೊಂಡ ಕ್ರಮಗಳೇ ವೋಲ್ಟೇಜನ್ನೂ ಮೇಲಕ್ಕೆ ತಳ್ಳಿದವು. ಅದನ್ನು ಹಿಡಿದು ನಿಲ್ಲಿಸುವ ಹೊಣೆ ಅಲ್ಲಿನ ಸೋಲಾರ್, ಗಾಳಿ ಘಟಕಗಳ ಮೇಲೆ ಇರಲಿಲ್ಲ.

ಆ ಕೊನೆಯ ಮಾತಿಗಾಗಿಯೇ ಈ ಪತ್ರ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಜೊತೆ ಬೆಸೆಯಿತು. ಹಾಗಾಗಿ ದೂರದ ತೂಗಾಟ ಈಗ ನಮಗೂ ತಟ್ಟಬಲ್ಲದು. ಪಾವಗಡದಲ್ಲೊಂದೇ 2,050 ಮೆಗಾವ್ಯಾಟ್ ಸೋಲಾರ್ ಇದೆ. ಶರಾವತಿಯ ಟರ್ಬೈನಿಗೆ ಇರುವ ತಿರುಗುವ ತೂಕ, ಸೋಲಾರ್ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸಿ ಕೊಡುವ ಇನ್ವರ್ಟರಿಗೆ ಇಲ್ಲ. ಆದರೆ ಹೇಳಿಕೊಟ್ಟರೆ ಅದು ಟರ್ಬೈನಿಗಿಂತ ಬೇಗ ಕೆಲಸ ಮಾಡಬಲ್ಲದು.

ತೂಗಾಟ ತಣಿಸುವ ಕೆಲಸವನ್ನೆಲ್ಲ, ರಾಜ್ಯದ ಗ್ರಿಡ್ ನಿಭಾಯಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ ನಡೆಸಬಾರದೇ ಎಂದು ನಿಮಗೆ ಸಲಹೆ ಬರಬಹುದು. ಎರಡು ಸೆಕೆಂಡಿನ ತೂಗಾಟಕ್ಕೆ ಆದೇಶ ಅರ್ಧ ಸೆಕೆಂಡು ತಡವಾದರೆ ತಣಿಸುವ ಬಲವೇ ಉಳಿಯುವುದಿಲ್ಲ. ಇನ್ನೂ ತಡವಾದರೆ ಉಯ್ಯಾಲೆಯನ್ನು ಹಿಂದಿನಿಂದ ತಳ್ಳಿದ ಹಾಗೆ. ತೇರೆಳೆಯುವಾಗ ಹಗ್ಗ ಸಡಿಲಾಯಿತೆಂದು ಹಿಡಿದ ಕೈಗೆ ಮೊದಲು ಗೊತ್ತಾಗುತ್ತದೆ, ಮೈಕಿನಲ್ಲಿ ಕೂಗುವವನಿಗಲ್ಲ. ಹಾಗೆಂದು ಪ್ರತಿ ಘಟಕ ತನ್ನ ಪಾಡಿಗೆ ತಾನಿದ್ದರೂ ಸಾಲದು. ಎರಡು ಪ್ರಾಂತ್ಯಗಳ ನಡುವಿನ ತೂಗಾಟ ಒಂದೇ ಕಡೆ ನಿಂತವರಿಗೆ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಪ್ರತಿ ಘಟಕದ ಕಂಟ್ರೋಲರ್ ತನ್ನ ಅಳತೆಯ ಜೊತೆ ನೆರೆಯ ಒಂದೆರಡು ಕೇಂದ್ರಗಳ ಅಳತೆ ನೋಡಿ ನಡೆಯಬೇಕು. ಟವರ್ ತುದಿಯ ಅರ್ತ್ ವೈರಿನೊಳಗೆ ಆಪ್ಟಿಕಲ್ ಫೈಬರ್ ಹಾದಿರುವಲ್ಲೆಲ್ಲ ಇದಕ್ಕೆ ಹೊಸ ದಾರಿಯೇ ಬೇಡ. ಒಂದು ಕೊಂಡಿ ಕಡಿದರೂ ಉಳಿದವು ನಡೆಯುತ್ತವೆ.

ಇನ್ನು ಮುಂದೆ ಕರೆಯುವ ಸೋಲಾರ್, ಗಾಳಿ, ಬ್ಯಾಟರಿ ಟೆಂಡರ್‌ಗಳಲ್ಲಿ ತೂಗಾಟ ತಣಿಸುವ, ವೋಲ್ಟೇಜ್ ಕಾಯುವ ಹೊಣೆಯನ್ನು ಬರೆಸಿ. ಕಾಗದದ ಮೇಲಲ್ಲ, ಸೈಟಿನಲ್ಲಿ ಪರೀಕ್ಷೆ ಮಾಡಿಸಿ ಹಣ ಕೊಡಿ. ಹಳೆಯ ಜಲ, ಶಾಖೋತ್ಪನ್ನ ಘಟಕಗಳ ಜನರೇಟರಿನಲ್ಲಿ ತೂಗಾಟ ತಣಿಸಲೆಂದೇ ಇರುವ ಪವರ್ ಸಿಸ್ಟಮ್ ಸ್ಟೆಬಿಲೈಸರ್‌ಗಳನ್ನು ಇಂದಿನ ಗ್ರಿಡ್‌ಗೆ ತಕ್ಕಂತೆ ಮತ್ತೆ ಟ್ಯೂನ್ ಮಾಡಿಸಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಮತ್ತೆ, ಗ್ರಿಡ್ಡಿನ ಸ್ಥಿತಿಯನ್ನು ಸೆಕೆಂಡಿಗೆ ಹತ್ತಾರು ಸಲ ಅಳೆಯುವ ಪಿಎಂಯು (ಫೇಸರ್ ಮೆಷರ್ಮೆಂಟ್ ಯೂನಿಟ್) ಉಪಕರಣಗಳ ದಾಖಲೆಯಲ್ಲಿ ತೂಗಾಟ ಕಂಡಾಗಲೆಲ್ಲ ಆ ಭಾಗವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೂ ಓದಲು ಕೊಡಿ.

ಇಂತಿ,
ನಿವೃತ್ತ ಸ್ಟೇಷನ್ ಆಪರೇಟರ್, ದಾವಣಗೆರೆ