ಇಲಿನಾಯ್ ಗೆಳೆಯರೇ, ಕಾರ್ ಬಿಲ್ ಒಮ್ಮೆ ತೆಗೆದು ನೋಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಝೂಮ್‌ನಲ್ಲಿ ಸೇರೋಣ. ಇಲ್ಲಿ ಡೀಲರ್ ಹತ್ರ ಕಾರು ಕೊಂಡವರು, ಕೊಳ್ಳುವವರು ತಪ್ಪದೇ ಬನ್ನಿ.

ವಿಷಯ ಇಷ್ಟು. ಗ್ರಾಹಕರು ಕೇಳದೇ ಇದ್ದರೂ ಪೇಂಟ್ ಪ್ರೊಟೆಕ್ಷನ್, ಪೇಮೆಂಟ್ ಇನ್ಶೂರೆನ್ಸ್ ಅಂತ ಬಿಲ್‌ಗೆ ಸೇರಿಸಿದರು, ಕಪ್ಪು ಜನಾಂಗದವರಿಗೆ ಜಾಸ್ತಿ ದುಡ್ಡು ಹಾಕಿದರು ಅಂತ ನೇಪಲ್ಟನ್ ಡೀಲರ್‌ಗಳ ಮೇಲೆ ನಮ್ಮ ಇಲಿನಾಯ್ ರಾಜ್ಯ ಮತ್ತು ಎಫ್‌ಟಿಸಿ (ಅಮೆರಿಕದ ಕೇಂದ್ರ ಗ್ರಾಹಕ ರಕ್ಷಣಾ ಸಂಸ್ಥೆ) ಸೇರಿ ಕೇಸು ಹಾಕಿದ್ದವು. 2022ರಲ್ಲಿ 1 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. 2024ರ ಡಿಸೆಂಬರ್‌ನಲ್ಲಿ ಲೀಡರ್ ಆಟೋಮೋಟಿವ್ ಗ್ರೂಪ್ ಅನ್ನೋ ಇನ್ನೊಂದು ಡೀಲರ್ ಕಂಪನಿಯ ಕೇಸು 2 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು! ಅಲ್ಲಿ ಜಾಹೀರಾತಿನ ಬೆಲೆಯೇ ಬೇರೆ, ಕೇಳೋ ಬೆಲೆಯೇ ಬೇರೆ ಅನ್ನೋ ಆರೋಪವೂ ಇತ್ತು.

ನಿಮ್ಮ ಬಿಲ್, ಲೋನ್ ಕಾಗದ ಹುಡುಕಿಡಿ. ಕೇಳದೇ ಸೇರಿರುವ ಸಾಲಿಗೆ ಗುರುತು ಹಾಕಿ. ಡೀಲರ್‌ಗೆ ಫೋನಲ್ಲಿ ಸುಮ್ನೆ ಜಗಳ ಬೇಡ, ಇಮೇಲ್‌ನಲ್ಲೇ ಕೇಳಿ. ಸರಿಹೋಗದಿದ್ದರೆ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಕಚೇರಿಗೆ ಆನ್‌ಲೈನ್ ದೂರು ಕೊಡಬಹುದು, ಖರ್ಚಿಲ್ಲ. ಆದರೆ ಅವರು ನಿಮ್ಮ ಸ್ವಂತ ವಕೀಲರಲ್ಲ, ಅದು ನೆನಪಿರಲಿ.

ಇನ್ನೊಂದು, ‘ರೀಫಂಡ್ ಬೇಕಾದರೆ ಮೊದಲು ದುಡ್ಡು ಕಟ್ಟಿ’ ಅಂತ ಕರೆ ಬಂದರೆ ಅದು ಮೋಸ ಅಂತಲೇ ತಿಳಿಯಿರಿ.

ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಹಾಕಿ. ಬಿಲ್ ಫೋಟೋ ಗುಂಪಿಗೆ ಹಾಕಬೇಡಿ, ಅದರಲ್ಲಿ ನಿಮ್ಮ ವಿಳಾಸ ಇರುತ್ತೆ ಅಲ್ವಾ!