ಸದಾ, ಮಲ್ಪೆಯ ಆ ಕತೆ ಇನ್ನು ಹೇಳಬೇಡ

ಸದಾ,

ಮಗಳ ಶಾಲೆಯಲ್ಲಿ ಸೋಮವಾರ ಭಾಷಣ ಸ್ಪರ್ಧೆ. ಅವಳು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಗ್ಗೆ ಬರೆದಿದ್ದಾಳೆ. ಎರಡು ದಿನದಿಂದ ಮನೆಯಲ್ಲಿ ಅದೇ ಮಾತು.

ನಮಗೆ ಗೊತ್ತಿದ್ದದ್ದೇ ಅಲ್ವಾ. 2008ರ ನವೆಂಬರ್, ಮುಂಬೈಯ ತಾಜ್ ಹೋಟೆಲು. ಬೆಂಗಳೂರಲ್ಲಿ ಬೆಳೆದ ಹುಡುಗ, ಎನ್‌ಎಸ್‌ಜಿ ಕಮಾಂಡೊ, ವಯಸ್ಸು ಬರೀ 31. ಜೊತೆಗಿದ್ದ ಸುನಿಲ್ ಯಾದವ್‌ಗೆ ಗುಂಡು ತಾಗಿತು. ಮೊದಲು ಅವರನ್ನು ಅಲ್ಲಿಂದ ಹೊರಗೆ ಸಾಗಿಸಿ, ಆಮೇಲೆ ಉಗ್ರರ ಬೆನ್ನು ಹತ್ತಿ ಸಂದೀಪ್ ಒಬ್ಬರೇ ಹೋದರು. ವಾಪಸ್ ಬರಲಿಲ್ಲ. 2009ರ ಜನವರಿ 26ರಂದು ಅಶೋಕ ಚಕ್ರ ತೆಗೆದುಕೊಳ್ಳಲು ಬಂದದ್ದು ಅವರ ಅಮ್ಮ.

ಮಗಳು ಆ 'ಮೊದಲು' ಎಂಬ ಪದದ ಅಡಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದಾಳೆ. ಅಲ್ಲಿ ಸ್ವಲ್ಪ ನಿಲ್ಲಿಸಿ ಹೇಳಬೇಕಂತೆ.

ಕೊನೆಯ ಪುಟದಲ್ಲಿ ನಾನಿದ್ದೇನೆ ಮಾರಾಯ. 'ನನ್ನ ಅಪ್ಪ ಕೂಡ ಮಲ್ಪೆಯಲ್ಲಿ ಗೆಳೆಯನ ಜೀವ ಉಳಿಸಿದ್ದಾರೆ.' ಹೋದ ಸಲ ಉಡುಪಿಗೆ ಬಂದಾಗ ಬನ್ಸ್ ತಿನ್ನುತ್ತಾ ನೀನೇ ಅವಳಿಗೆ ಹೇಳಿದ್ದು. ನನ್ನ ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೆ. ಆಗೆಲ್ಲ ನಾನು ಸುಮ್ನೆ ನಕ್ಕಿದ್ದೆ.

ಬೋಟು ನಿಲ್ಲುವ ಧಕ್ಕೆಯಲ್ಲಿ ನೀನು ಜಾರಿ ಬಿದ್ದಾಗ ನಾನು ನೀರಿಗೆ ಹಾರಲಿಲ್ಲ. ನನಗೆ ಈಜು ಬರುತ್ತಿತ್ತು, ನಿನಗಿಂತ ಚೆನ್ನಾಗಿ. ಎರಡು ಬೋಟುಗಳು ಒಂದಕ್ಕೊಂದು ಉಜ್ಜುತ್ತಿದ್ದವು, ನಡುವೆ ನಿನ್ನ ಒಂದು ಕೈ ಮಾತ್ರ ಕಾಣುತ್ತಿತ್ತು. ನನ್ನ ಕಾಲು ಅಲ್ಲಾಡಲಿಲ್ಲ. ಸ್ವರವೂ ಹೊರಡಲಿಲ್ಲ. ಕೂಗಿದ್ದು ಅಲ್ಲೇ ಬಲೆ ಸರಿ ಮಾಡುತ್ತಿದ್ದ ಅಜ್ಜ. ಹಗ್ಗ ಎಸೆದದ್ದು, ಎಳೆದದ್ದು ಎಲ್ಲ ಅವರೇ. ನೀನು ಕಣ್ಣು ಬಿಡುವಾಗ ನಿನ್ನ ತಲೆ ನನ್ನ ತೊಡೆ ಮೇಲಿತ್ತು, ಅಷ್ಟೇ. ನನ್ನ ಅಂಗಿ ಒದ್ದೆಯಾದದ್ದು ನಿನ್ನ ಮೈಯ ನೀರಿಗೆ.

ಆ ಅಜ್ಜನ ಹೆಸರು ಕೂಡ ನಾನು ಕೇಳಲಿಲ್ಲ ಸದಾ. ನಿನ್ನ ಬಾಯಲ್ಲಿ ನನ್ನ ಹೆಸರು ಬಂತು, ನಾನು ಇಟ್ಟುಕೊಂಡೆ. ಇಷ್ಟು ವರ್ಷ.

ಇದನ್ನೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ಅವಳ ಭಾಷಣದ ಬಗ್ಗೆ ನಾಲ್ಕು ಸಾಲು ಹೇಳೋಣ ಅಂತಿದ್ದೆ. ಈಗ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನೀನೂ ಎಲ್ಲರ ಎದುರಲ್ಲೇ ಹೇಳಿದ್ದಲ್ವಾ.

ಶನಿವಾರ ಮಗಳನ್ನು ಧಕ್ಕೆಗೆ ಕರೆದುಕೊಂಡು ಹೋಗುತ್ತೇನೆ. ಅಜ್ಜನ ಗುರುತು ಯಾರಿಗಾದರೂ ಇದ್ದರೆ ಅವಳೇ ಹೆಸರು ಕೇಳಲಿ, ಆ ಸಾಲಲ್ಲಿ ಅದನ್ನೇ ಬರೆಯಲಿ.

ನೀನೂ ಬಾ. ಒಳ್ಳೆ ಬಂಗುಡೆ ಬರ್ತಿದೆ, ಅಮ್ಮ ಪುಳಿಮುಂಚಿ ಮಾಡ್ತಾಳೆ. ಆ ಹಳದಿ ಚಪ್ಪಲಿ ಮಾತ್ರ ಹಾಕಿಕೊಂಡು ಬರಬೇಡ.